ಮಾವನವರಿಗೆ ಓದಿ ಹೇಳಿದ ಕಾಣದವನ ಕಥೆ

ಕಾಗವಾಡದ ನಮ್ಮ ತೋಟದ ಮನೆಯಲ್ಲಿ ಸೊಸೆ ಮಾವನ ಎದುರು ನಿಲ್ಲುವುದಿಲ್ಲ, ಮಾವ ಸೊಸೆಯೊಡನೆ ನೇರವಾಗಿ ಮಾತಾಡುವುದಿಲ್ಲ. ಒಳಗೆ ಬರುವ ಮುನ್ನ ಮಾವನವರು ಕೆಮ್ಮುತ್ತಿದ್ದರು; ನಾನು ಮುಖದ ಮೇಲೆ ಸೆರಗು ಎಳೆದುಕೊಂಡು ಅಡುಗೆಮನೆ ಸೇರುತ್ತಿದ್ದೆ. ಮನೆಯಲ್ಲಿ ನಾವಿಬ್ಬರೇ ಇದ್ದರೂ ಅವರು ಗೋಡೆಯತ್ತ ತಿರುಗಿ, “ಚಹಾ ಆಗೇತೇನ ಕೇಳ್ರಿ” ಎನ್ನುವರು. ನಾನೇನು ಕಡಿಮೆಯವಳಲ್ಲ, ಒಲೆಗೆ ಹೇಳಿದಂತೆ, “ಆಗೇತಿ ಅಂತ ಹೇಳ್ರಿ” ಎನ್ನುತ್ತಿದ್ದೆ. ಹೀಗೇ ಹನ್ನೊಂದು ವರ್ಷ. ಮೊದಮೊದಲು ನಗು ಬರುತ್ತಿತ್ತು, ಆಮೇಲೆ ಸಿಟ್ಟು. ಒಮ್ಮೆಯಾದರೂ ನನಗೇ ಅಂತ ಒಂದು ಮಾತು ಹೇಳಬಾರದೇ ಅನ್ನಿಸುತ್ತಿತ್ತು.

ಕಳೆದ ವರ್ಷ ಮಿರಜದ ಆಸ್ಪತ್ರೆಯಲ್ಲಿ ಅವರ ಕಣ್ಣಿನ ಪೊರೆ ತೆಗೆಸಿದೆವು. ಕೆಲವು ದಿನ ಟಿವಿ ಬೇಡ, ಮೊಬೈಲ್ ಬೇಡ ಎಂದರು ಡಾಕ್ಟರು. ಮಾವನವರು ಕೂತಲ್ಲೇ ಚಡಪಡಿಸಿದರು. “ಏನರ ಓದಿ ಹೇಳ” ಎಂದು ನನಗೆ ಅಪ್ಪಣೆ ಕೊಟ್ಟು ಅತ್ತೆ ದ್ರಾಕ್ಷಿ ತೋಟಕ್ಕೆ ಹೋದರು. ನಾನು ಅಡುಗೆಮನೆಯ ಬಾಗಿಲ ಹಿಂದೆ ಕೂತು, ಕಾಲೇಜಿನ ದಿನಗಳಿಂದ ಇಟ್ಟುಕೊಂಡಿದ್ದ ಹಳೆಯ ವಿಜ್ಞಾನ ಕಾದಂಬರಿ ತೆಗೆದೆ. ಔಷಧ ಕುಡಿದು ಯಾರ ಕಣ್ಣಿಗೂ ಕಾಣದಂತಾದವನ ಕಥೆ ಅದು.

ಮೊದಲ ದಿನ ಅವನು ಸಂತೆಯಲ್ಲಿ ಕಂಡವರ ಬುಟ್ಟಿಯ ಹಣ್ಣು ಎತ್ತಿ ತಿಂದಾಗ ಮಾವನವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಎರಡನೆಯ ದಿನ ಗಾಡಿಯೊಂದು ಅವನ ಕಾಲಿನ ಮೇಲೆ ಹಾಯ್ದುಹೋಯಿತು. ಗಾಡಿಯವನಿಗೆ ಗೊತ್ತೇ ಆಗಲಿಲ್ಲ. “ಅಯ್ಯ ಪಾಪ” ಎಂದರು ಮಾವನವರು. ಮೂರನೆಯ ದಿನ ಬೆಳಿಗ್ಗೆಯೇ ಕೆಮ್ಮು ಕೇಳಿಸಿತು: “ಕಥಿ ಮುಂದ ಏನಾತಂತ ಕೇಳ್ರಿ!” ನನಗೂ ತಡೆಯಲಾಗುತ್ತಿರಲಿಲ್ಲ. ಒಲೆ ಆರಿಸಿ ಪುಸ್ತಕ ಹಿಡಿದೆ.

ಕುಂಟುತ್ತ ಅವನು ತಂಗಿಯ ಮನೆಗೆ ಬಂದು ಬಾಗಿಲು ಬಡಿಯುತ್ತಾನೆ. ಅವಳು ತೆರೆದು ನೋಡಿದರೆ ಯಾರೂ ಇಲ್ಲ, ದನಿ ಮಾತ್ರ. ಹೆದರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಅವನು ಮತ್ತೆ ಬಡಿಯುತ್ತಾನೆ. ಅಷ್ಟರಲ್ಲಿ, ಅವನ ಮೇಲಿನ ಕನಿಕರವೋ ನನ್ನ ಮೇಲಿನದೋ, ಓದು ನಿಂತುಹೋಯಿತು.

“ನಿಲ್ಲಬ್ಯಾಡವಾ, ಓದ! ಆಕಿ ಬಾಗಲಾ ತಗದಳಿಲ್ಲೋ?” ಎಂದು ಮಾವನವರು ಕೂಗಿದರು.

ಗೋಡೆಗಲ್ಲ, ನನಗೇ ಕೇಳಿದ್ದು! “ತಗೀಲಿಲ್ರಿ, ಮಾವಾರ” ಎಂದೆ, ನಾನೂ ಅವರಿಗೇ.

ಇನ್ನು ಮತ್ತೆ ಗೋಡೆಯತ್ತ ತಿರುಗಿಬಿಡುತ್ತಾರೇನೋ ಎಂದು ಬಾಗಿಲ ಸಂದಿಗೆ ಕಿವಿಗೊಟ್ಟೆ.

“ಹೊರಗ ಬಾರವಾ” ಎಂದರು. “ಇಲ್ಲೇ ಕುಂತ ಓದ.”

ಸೆರಗನ್ನು ತಲೆಯ ಮೇಲಷ್ಟೇ ಇಟ್ಟುಕೊಂಡು ಹೊಸ್ತಿಲು ದಾಟಿದೆ. ಕುಣಿಯುವಷ್ಟು ಖುಷಿ. ಮಾವನವರು ಕತ್ತೆತ್ತಿ ನೋಡಿದರು, ನೋಡುತ್ತಲೇ ಇದ್ದರು.

“ಇಷ್ಟ ಎತ್ತರ ಅದಿ ಏನವಾ ನೀ?”