ಗುರುವಾರ ರೇಣು ನುಡಿಸಿದ್ದು

ಕಾತ್ರಜದ ಆ ಕಟ್ಟಡದಲ್ಲಿ ಗುರುವಾರ ಕರೆಂಟು ಹೋಗಲೆಂದು ಹಾರೈಸಿ ಕೂತವರು ರೇಣು ಮತ್ತು ಅವಳ ಗಂಡ ಸಂಜು ಇಬ್ಬರೇ ಇದ್ದಾರು. ಉಳಿದವರೆಲ್ಲ ಬೈಯುತ್ತಿದ್ದರು. ದುರಸ್ತಿಗೆಂದು ಕರೆಂಟು ತೆಗೆದರೆ ಫ್ಯಾನು, ಫ್ರಿಜ್ಜು, ಕೆಳಗಿನ ನೀರಿನ ಪಂಪು, ಪಕ್ಕದ ಮನೆಯ ಮಿಕ್ಸರು ಎಲ್ಲವೂ ಒಮ್ಮೆಲೇ ಬಾಯಿ ಮುಚ್ಚುತ್ತವೆ. ಲ್ಯಾಪ್‌ಟಾಪು ಬ್ಯಾಟರಿಯ ಮೇಲೆ ನಡೆದರೆ ರೇಣುವಿನ ಗಿಟಾರಿನ ರೆಕಾರ್ಡಿಂಗಿನಲ್ಲಿ ಗುಂಯ್‌ಗುಡುವುದೂ ಇಲ್ಲ. ತಲೆ ಕೆಡಿಸಿಕೊಂಡು ಸಂಜು ಕಂಡುಕೊಂಡ ಉಪಾಯವಿದು.

ಮರುದಿನ ಬೆಳಿಗ್ಗೆ ರೇಣುವಿನ ಎಡಗೈಗೆ ಆಪರೇಶನ್ನು. ಮಣಿಕಟ್ಟಿನೊಳಗಿನ ಗಂಟು ನರವನ್ನು ಒತ್ತುತ್ತಿತ್ತು. ತೆಗೆಯಲೇಬೇಕು, ಆದರೆ ಆಮೇಲೆ ಕಿರುಬೆರಳಿಗೆ ಮೊದಲಿನ ಬಲ ಬಂದೇ ಬರುತ್ತದೆಂದು ಹೇಳಲಾರೆ ಎಂದಿದ್ದರು ಡಾಕ್ಟರು. ಕುರಕುಂಭದ ಕಾರ್ಖಾನೆಯ ಆಫೀಸಿನಲ್ಲಿ ಅವಳು ಮಾಡುವ ಗುಮಾಸ್ತಿಕೆಗೆ ಕಿರುಬೆರಳು ಬೇಕಿಲ್ಲ. ಗಿಟಾರಿಗೆ ಬೇಕು.

ಮದುವೆಗೆ ಮುಂಚಿನಿಂದಲೂ ಅವಳು ಕನ್ನಡ ಸಂಘದ ವಾದ್ಯವೃಂದದಲ್ಲಿ ಗಿಟಾರು ನುಡಿಸಿದವಳು. ರಾಜ್ಯೋತ್ಸವವಿರಲಿ, ಯಾರದೋ ಷಷ್ಟ್ಯಬ್ದಿಯಿರಲಿ, ಮುಂದೆ ಗಾಯಕಿ ಉಮಾವತಿ, ಹಿಂದೆ ಕಂಬದ ಮರೆಯಲ್ಲಿ ರೇಣು. ಜನ ಫೋನಿನಲ್ಲಿ ಹಿಡಿದ ವಿಡಿಯೊಗಳಲ್ಲಿ ಉಮಾವತಿಯ ಸೆರಗಿನ ಬುಟ್ಟಾಗಳನ್ನೂ ಎಣಿಸಬಹುದು, ಗಿಟಾರು ಮಾತ್ರ ಕೇಳುವುದಿಲ್ಲ. ಅಡುಗೆಯ ಉಪ್ಪಿನ ಹಾಗೆ, ಸರಿಯಿದ್ದರೆ ಅದರ ಸುದ್ದಿ ಯಾರೂ ಎತ್ತುವುದಿಲ್ಲ. ಅದಕ್ಕಾಗಿ ರೇಣು ಎಂದೂ ಬೇಸರಪಟ್ಟವಳಲ್ಲ. ಆಸ್ಪತ್ರೆಯಿಂದ ಮರಳುವಾಗ ರಿಕ್ಷಾದಲ್ಲಿ ಮಾತ್ರ ಅವಳಿಗೆ ಅಳು ತಡೆಯಲಿಲ್ಲ. ತನ್ನ ಗಿಟಾರು ಕೇಳುವಂಥ ಒಂದು ರೆಕಾರ್ಡಿಂಗೂ ಎಲ್ಲೂ ಇರಲಿಲ್ಲ.

ಕರೆಂಟು ಹೋಯಿತು. ದನಿ ಗೋಡೆಗೆ ಬಡಿದು ಮರಳಬಾರದೆಂದು ಮನೆಯ ಕೌದಿಗಳನ್ನೆಲ್ಲ ತೂಗುಹಾಕಿಯಾಗಿತ್ತು. ಮೈಕನ್ನು ಗಿಟಾರಿನ ತೂತಿನೆದುರು ಇಟ್ಟಾಗ ಬರೀ ಗುಡುಗು ಕೇಳಿದ್ದರಿಂದ ಸಂಜು ಅದನ್ನು ಕತ್ತಿನ ಕಡೆಗೆ ಸರಿಸಿದ್ದ. ರೇಣು ಬಳೆ ತೆಗೆದಿಟ್ಟು, ಸಂಘದಲ್ಲಿ ಎಂದಿನಿಂದಲೂ ನುಡಿಸುತ್ತಿದ್ದ ಹಾಡನ್ನೇ ನುಡಿಸಲು ಕೂತಳು. ಲ್ಯಾಪ್‌ಟಾಪಿನದು ಮುದಿ ಬ್ಯಾಟರಿ, ಎಷ್ಟು ಹೊತ್ತು ಉಸಿರು ಹಿಡಿದೀತೋ ಅದಕ್ಕೇ ಗೊತ್ತು.

ಮೊದಲ ಸಲ ಬೆರಳು ಜಾರಿತು. ಎರಡನೆಯ ಸಲ ಕೆಳಗೆ ಭಾಜಿ ಮಾರುವವನು ಮರಾಠಿಯಲ್ಲಿ ಮೆಂತ್ಯೆ ಸೊಪ್ಪೆಂದು ಕೂಗಿದ. ಮೂರನೆಯ ಸಲ ಒಂದೂ ತಪ್ಪಿಲ್ಲದೆ ಮುಗಿಯಿತು. ರೇಣು ಹೆಡ್‌ಫೋನು ಹಾಕಿ ಕೇಳಿದಳು. ಒಂದೊಂದು ತಂತಿಯೂ ಸ್ವಚ್ಛವಾಗಿತ್ತು. ನಡುವೆ ಇದ್ದಕ್ಕಿದ್ದಂತೆ ದನಿ ತಗ್ಗಿ, ಪಾತಾಳಕ್ಕಿಳಿದು, ಆಮೇಲೆ ಮೇಲೆದ್ದಿತು. ದನಿಯ ಗುಂಡಿ ತಿರುವಿದಿರಾ ಎಂದು ಗಂಡನ ಮೇಲೆ ಹರಿಹಾಯ್ದಳು. ಅವನು ಎರಡೂ ಕೈ ಎತ್ತಿ ತೋರಿಸಿದ.

ಇನ್ನೊಮ್ಮೆ ನುಡಿಸಿದಳು. ಅದೇ ಜಾಗದಲ್ಲಿ ಅದೇ ಕತೆ. ಆಗ ಅವಳಿಗೆ ಹೊಳೆಯಿತು. ಉಮಾವತಿ ಹಾಡಲು ಶುರುಮಾಡುವ ಜಾಗವದು. ಅಲ್ಲಿ ಸದ್ದು ತಗ್ಗಿಸುವುದು ಹಿಂದೆ ಕೂತವರ ಧರ್ಮ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ, ಕಲಿತ ಗುಣವೂ ಕಡಿಮೆಯದಲ್ಲ. ಯಾರೂ ಹಾಡದ ಮನೆಯಲ್ಲಿ ಅವಳ ಕೈ ತಾನಾಗಿ ಪಕ್ಕಕ್ಕೆ ಸರಿದು ನಿಂತಿತ್ತು.

ಬ್ಯಾಟರಿಯ ಗುರುತು ಕೆಂಪಾಯಿತು. ನೋವು ಮೊಣಕೈಗೇರಿತ್ತು. ಇನ್ನೊಂದೇ ಸಲ, ಅದೂ ಆದರೆ.

"ರೇಣು, ಉಮಾವತಿ ಬಂದಿಲ್ಲ ಇವತ್ತ," ಎಂದ ಸಂಜು. "ಯಾರಿಗೂ ದಾರಿ ಬಿಡಬ್ಯಾಡ."

ನುಡಿಸತೊಡಗಿದಳು. ಆ ಜಾಗ ಹತ್ತಿರ ಬಂದಂತೆ ಕೈ ಹಿಂಜರಿಯಿತು. ಹಲ್ಲು ಕಚ್ಚಿ ಇನ್ನೂ ಜೋರಾಗಿ ಮೀಟಿದಳು. ಕಿರುಬೆರಳು ಉರಿಯುತ್ತಿತ್ತು, ಆದರೂ ತಂತಿ ಬಿಡಲಿಲ್ಲ. ಕೊನೆಯ ಸ್ವರ ಪೂರ್ತಿ ಆರುವವರೆಗೆ ಇಬ್ಬರೂ ಉಸಿರಾಡಲಿಲ್ಲ.

ಉಳಿಸಲು ಒತ್ತಿದರೆ ಕಂಪ್ಯೂಟರು ಹೆಸರು ಕೇಳಿತು. ಸಂಜು ಅವಸರದಲ್ಲಿ, ಮನೆಯಲ್ಲಿ ಆ ಹಾಡನ್ನು ರೂಢಿಯಾಗಿ ಕರೆಯುವಂತೆ, ಉಮಾವತಿ ಹಾಡು ಎಂದು ಟೈಪು ಮಾಡತೊಡಗಿದ.

"ನನ್ನ ಹೆಸರ ಹಾಕ್ರಿ," ಎಂದಳು ರೇಣು.

ಬ್ಯಾಟರಿ ಸಾಯುತ್ತಿದೆ, ಆಮೇಲೆ ಬದಲಾಯಿಸೋಣ ಎಂದ ಅವನು. ಅವಳು ಒಪ್ಪಲಿಲ್ಲ. ಅವನು ಒಂದೊಂದೇ ಅಕ್ಷರ ಅಳಿಸಿ ರೇಣು ಎಂದು ಬರೆದು ಒತ್ತಿದ. ಪರದೆ ಕಪ್ಪಾಯಿತು.

ಉಳಿಯಿತೋ ಹೋಯಿತೋ ತಿಳಿಯದೆ ಸಂಜೆಯವರೆಗೆ ಇಬ್ಬರೂ ಊಟ ಮಾಡಲಿಲ್ಲ. ಕರೆಂಟು ಬಂತು, ಕಟ್ಟಡದ ಸದ್ದೆಲ್ಲ ಮರಳಿತು. ರೆಕಾರ್ಡಿಂಗು ಇತ್ತು. ದನಿ ಎಲ್ಲೂ ತಗ್ಗಲಿಲ್ಲ. ರೇಣು ಹೆಡ್‌ಫೋನು ಕಿತ್ತಿಟ್ಟು, ದನಿ ಪೂರ್ತಿ ಏರಿಸಿ, ಮುಂಬಾಗಿಲು ತೆರೆಯಲು ಹೇಳಿದಳು.