ಎಂಡ ಅಂದರೆ ಬಿಸಿಲು

ಮೊನ್ನೆ ಕೋಲಾರದಲ್ಲಿ ಮಗಳ ಮನೆಯ ತಾರಸಿ ಮೇಲೆ ಬೂದುಗುಂಬಳದ ಸಂಡಿಗೆ ಒಣಹಾಕಿದ್ದೆ. ಸಂಜೆ ಹಳೇ ಸೀರೆಯಿಂದ ಬಿಡಿಸಿಕೊಳ್ಳುವಾಗ ಆ ವಾಸನೆ ಬಂತು. ಜೀರಿಗೆ, ಇಂಗು, ಹಸಿಮೆಣಸಿನಕಾಯಿ, ಅದರ ಮೇಲೆ ಇಡೀ ದಿನ ಬಿದ್ದ ಬಿಸಿಲು. ಬಿಸಿಲಿಗೂ ವಾಸನೆ ಇರುತ್ತದೆ, ಸಂಡಿಗೆ ಇಟ್ಟವರಿಗೆ ಗೊತ್ತು. ಪಕ್ಕದಲ್ಲಿ ಕೂತು ಅರೆ ಒಣಗಿದ್ದನ್ನೇ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮೊಮ್ಮಗಳು, "ಅಜ್ಜಿ, ಡೇಲೈಟ್ ಅನ್ನೋಕೆ ನಮ್ಮಲ್ಲಿ ಏನೇನಂತಾರೆ? ಮಿಸ್ಸು ಮನೇಲಿ ಕೇಳ್ಕೊಂಡು ಬನ್ನಿ ಅಂದಿದ್ದಾರೆ" ಅಂದಳು.

ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೂ ಗೊತ್ತಿದ್ದಷ್ಟು ಹೇಳಿದೆ. ಹಗಲು ಅನ್ನು, ಬೆಳಕು ಅನ್ನು, ಹೊತ್ತು ಅನ್ನು, ಬಿಸಿಲು ಅನ್ನು. ಇನ್ನೊಂದು ಮಾತು ಬಾಯಿಗೆ ಬಂದು ನಿಂತಿತು...

ಆ ಮಾತು ಪಕ್ಕದ ಮನೆ ಅಕ್ಕನದು.

ನಾನು ಮಾಲೂರು ಕಡೆಯವಳು. ಎಪ್ಪತ್ತರ ದಶಕದ ಮೊದಲಲ್ಲಿ ನನ್ನನ್ನು ಮುಳಬಾಗಿಲಿನಿಂದ ಆಚೆ, ಆಂಧ್ರಕ್ಕೆ ಅಂಟಿಕೊಂಡ ಹಳ್ಳಿಗೆ ಕೊಟ್ಟರು. ಅಲ್ಲಿ ಎಲ್ಲರೂ ಎರಡು ಭಾಷೆಯನ್ನೂ ಕಲಸಿ ಆಡುತ್ತಿದ್ದರು. ಪಕ್ಕದ ಮನೆ ಅಕ್ಕನಿಗೆ ಮಾತ್ರ ತೆಲುಗು ಬಿಟ್ಟು ಬೇರೆ ಬರುತ್ತಿರಲಿಲ್ಲ. ಚಿತ್ತೂರು ಕಡೆಯವಳು. ಗಂಡ ಸತ್ತಿದ್ದ, ಮಕ್ಕಳಿರಲಿಲ್ಲ. ನನ್ನನ್ನು ಅಮ್ಮಾಯಿ ಅನ್ನುತ್ತಿದ್ದಳು, ಹುಡುಗಿ ಅಂತ.

ನನಗೆ ತೆಲುಗು ಕಲಿಸಿದವಳು ಅವಳೇ. ಬಹಳ ಮಾತು ಸುಲಭ, ಪ ತೆಗೆದು ಹ ಇಟ್ಟರೆ ಕನ್ನಡ. ಪಾಲು ಅಂದರೆ ಹಾಲು, ಪಗಲು ಅಂದರೆ ಹಗಲು. ಪೊದ್ದು ಅಂದರೆ ಹೊತ್ತು, ಅದು ಹುಟ್ಟುತ್ತದೆ, ಮುಳುಗುತ್ತದೆ. ಮನೆಯೊಳಗೆ ಬರುವುದು ವೆಲುಗು. ಮೈಮೇಲೆ ಬೀಳುವುದು ಎಂಡ. ಆ ಎಂಡದ ಹತ್ತಿರ ನಾನು ಎಡವಿದೆ. ನಮ್ಮೂರಲ್ಲಿ ಹ ಯಾರ ಬಾಯಲ್ಲೂ ನಿಲ್ಲುವುದಿಲ್ಲ. ಕುಡಿಯುವ ಹೆಂಡಕ್ಕೆ ಎಂಡ ಅಂತಲೇ ಅನ್ನುವುದು. ಹೊಸದರಲ್ಲಿ ಅವಳು "ಮಿರಪಕಾಯಲು ಎಂಡಲೋ ಪೆಟ್ಟು" ಅಂದಾಗ ನಾನು ಒಳಗೆ ಓಡಿಹೋಗಿ ಅತ್ತೆಯ ಹತ್ತಿರ, "ಆಯಕ್ಕ ಮೆಣಸಿನಕಾಯಿನ ಎಂಡದಲ್ಲಿ ಆಕು ಅಂತಾಳೆ" ಅಂದಿದ್ದೆ.

"ಬಿಸ್ಲಲ್ಲಿ ಆಕು ಅಂತ ಕಣೇ, ಬೆಪ್ಪೇ" ಅಂತ ಅತ್ತೆ ನಕ್ಕಿದ್ದೇ ನಕ್ಕಿದ್ದು.

ಅಲ್ಲಿಂದ ಅದು ನಮ್ಮಿಬ್ಬರ ತಮಾಷೆಯಾಯಿತು. ನಾನು ದಿನಾ "ಏನಕ್ಕಾ, ಇವತ್ತು ಎಂಡ ಜೋರಾ?" ಅನ್ನುವುದು, ಅವಳು ಸೆರಗು ಜಾರಿಸಿಕೊಂಡು ಕುಡಿದವರ ಹಾಗೆ ಎರಡು ಹೆಜ್ಜೆ ತೂರಾಡುವುದು. ಬಾವಿ ಕಟ್ಟೆಯ ಹೆಂಗಸರೆಲ್ಲ ನಗುತ್ತಿದ್ದರು.

ಎಮರ್ಜೆನ್ಸಿ ಮುಗಿದ ಮೇಲಿನ ಬೇಸಿಗೆಯಲ್ಲಿ ತವರಲ್ಲಿ ನನ್ನ ತಂಗಿಯ ನಿಶ್ಚಿತಾರ್ಥ. ರಾತ್ರಿ ಅಡುಗೆಗೆ ಕೈ ಬೇಕು ಅಂತ ಅಕ್ಕನನ್ನು ಕರೆದುಕೊಂಡು ಹೋದೆ. ಅವಳೇ ಇಟ್ಟ ಸಂಡಿಗೆಯ ಮಂಕರಿ ಅವಳ ತಲೆಯ ಮೇಲಿತ್ತು. ಬಸ್ಸು ಇಳಿದ ಮೇಲೆ ಊರು ದೂರ, ಮಟಮಟ ಮಧ್ಯಾಹ್ನ, ದಾರಿಯಲ್ಲಿ ಒಂದು ಮರವಿಲ್ಲ. ಇದ್ದದ್ದು ಒಂದು ಕೊಡೆ. ಅದನ್ನು ನನಗೂ ನನ್ನ ಕಂಕುಳ ಮಗುವಿಗೂ ಹಿಡಿದುಕೊಂಡೆ.

ಚಪ್ಪರಕ್ಕೆ ಬಂದು ಮಂಕರಿ ಇಳಿಸಿದ್ದೇ ಅಕ್ಕ ಕಂಬ ಹಿಡಿದು ಕೂತಳು, ಹಾಗೇ ವಾಲಿಕೊಂಡಳು. ಗಂಡಿನ ಕಡೆಯವರು ಅಲ್ಲೇ ಜಮಖಾನದ ಮೇಲಿದ್ದರು. ಮಾಗಡಿ ಕಡೆಯ ಜನ, ತೆಲುಗಿನ ಗಂಧ ಗಾಳಿ ಇಲ್ಲ. ಗಂಡಿನ ದೊಡ್ಡಮ್ಮ ಬಗ್ಗಿ, "ಏನಾಯ್ತಮ್ಮಾ ನಿಂಗೆ?" ಅಂದಳು.

"ಎಂಡಮ್ಮಾ... ಎಂಡ" ಅಂದಳು ಅಕ್ಕ.

"ಎಂಡವಂತೆ ಕಣ್ರೇ" ಅಂತ ದೊಡ್ಡಮ್ಮ ಎಲ್ಲರ ಕಡೆ ತಿರುಗಿದಳು. "ನಿಶ್ಚಿತಾರ್ಥಕ್ಕೇ ಇಂಗೆ. ಇನ್ನು ಮದ್ವೆಗೆ ಈಚಲ ಮರಾನೇ ಕಿತ್ಕೊಂಡು ಬತ್ತಾಳೆ."

ಚಪ್ಪರವೆಲ್ಲ ನಕ್ಕಿತು. ನಮ್ಮಮ್ಮ ಒಳಗೆ ಒಲೆ ಮುಂದಿದ್ದಳು. ಆ ಮಾತಿನ ಅರ್ಥ ಗೊತ್ತಿದ್ದವಳು ಅಲ್ಲಿ ನಾನೊಬ್ಬಳೇ. ಅಕ್ಕ ಕಣ್ಣು ಬಿಟ್ಟು ನನ್ನನ್ನು ಹುಡುಕಿ, "ಚೆಪ್ಪು, ಅಮ್ಮಾಯಿ" ಅಂದಳು. ನೀನು ಹೇಳು, ಅಂತ.

ನಾನು ಹೇಳಲಿಲ್ಲ. ನಗುತ್ತಿದ್ದೆ. ನಾವು ಬಂದಾಗ ಬಿಗಿದುಕೊಂಡು ಕೂತಿದ್ದ ಬೀಗರು ಆಗ ತಾನೇ ಸಡಿಲವಾಗಿದ್ದರು. ಅದನ್ನು ಕೆಡಿಸುವುದು ನನಗೆ ಬೇಕಿರಲಿಲ್ಲ. ಆಮೇಲೆ ಹೇಳಿದರಾಯಿತು ಅಂದುಕೊಂಡೆ. ಅವಳಿಗೆ ಏನಾಗಿದೆ ಅಂತ ನನಗೆ ತಿಳಿಯದೆ ಇರಲಿಲ್ಲ.

ಯಾರೋ ಇಬ್ಬರು ಅವಳನ್ನು ಕೊಟ್ಟಿಗೆಯ ಪಕ್ಕಕ್ಕೆ ಸಾಗಿಸಿದರು. ನಮ್ಮಮ್ಮ ಹೊರಗೆ ಬಂದವಳು ನೋಡಿ, ತಲೆಗೆ ಒದ್ದೆ ಬಟ್ಟೆ ಸುತ್ತಿ ಮಜ್ಜಿಗೆ ಕುಡಿಸಿದಳಂತೆ. ಮೈ ಕೆಂಡದ ಹಾಗಿತ್ತಂತೆ. ನಾನು ಮುಟ್ಟಿ ನೋಡಿರಲಿಲ್ಲ. ಊಟಕ್ಕೆ ಕೂತಾಗ ದೊಡ್ಡಮ್ಮ ಸಂಡಿಗೆ ಮುರಿದು, "ಊವಿನಂಗದೆ ಕಣೇ, ಯಾರು ಮಾಡಿದ್ದು?" ಅಂದಳು. ನಮ್ಮ ಮನೇಲೇ ಮಾಡಿದ್ದು ಅಂದೆ.

ಮಾರನೇ ದಿನ ಬಸ್ಸಿನಲ್ಲಿ ಅಕ್ಕ ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ಕೋಲಾರ ದಾಟಿದ ಮೇಲೆ ಕೇಳಿದಳು, "ಎಂಡನಿ ಕನ್ನಡಂಲೋ ಏಮಂಟಾರು?" ಕನ್ನಡದಲ್ಲಿ ಏನನ್ನುತ್ತಾರೆ, ಅಂತ.

"ಬಿಸಿಲು" ಅಂದೆ.

"ಬಿಸ್ಲು" ಅಂದಳು. ನಾಲಿಗೆ ತಿರುಗುವ ತನಕ ಇನ್ನೂ ಒಂದೆರಡು ಸಲ ಹೇಳಿಕೊಂಡಳು. ಆಮೇಲೆ ತೆಲುಗಿನಲ್ಲಿ, ಇದು ಬಂದಿದ್ದರೆ ನಾನೇ ಹೇಳುತ್ತಿದ್ದೆ, ಅಂದಳು. ಜಗಳದ ದನಿಯಲ್ಲ. ಜಗಳವಾಡಿದ್ದರೆ ನಾನೂ ನಾಲ್ಕು ಮಾತು ಆಡಿ ಮುಗಿಸುತ್ತಿದ್ದೆ.

ಅವತ್ತಿನಿಂದ ನನ್ನ ಹತ್ತಿರ ತೆಲುಗು ನಿಲ್ಲಿಸಿದಳು. ಊರಿನವರ ಜೊತೆ ಮೊದಲಿನ ಹಾಗೇ. ನನ್ನ ಜೊತೆ ಮಾತ್ರ ಮುರುಕು ಕನ್ನಡ. ಅಮ್ಮಾಯಿ ಹೋಗಿ ಅಮ್ಮಾ ಆಯಿತು, ನುವ್ವು ಹೋಗಿ ನೀವು ಆಯಿತು. ಸಂಡಿಗೆ ಇಡುವಾಗ ಗೋಡೆಯಾಚೆಯಿಂದ "ಬಿಸ್ಲು ಬಂತಮ್ಮಾ, ಆಕ್ಕೊಳ್ಳಿ" ಅನ್ನುವಳು. ಮರ್ಯಾದೆಯಾಗಿಯೇ. ತಂಗಿಯ ಮದುವೆಗೆ ಕರೆದರೆ ಬರಲಿಲ್ಲ, ಒಂದು ಮಂಕರಿ ಸಂಡಿಗೆ ಕಳಿಸಿದಳು.

ಎಂಬತ್ತರ ದಶಕದಲ್ಲಿ ಅವಳು ಹಾಸಿಗೆ ಹಿಡಿದಳು. ಒಂದು ಸಂಜೆ ಹೋಗಿ ಪಕ್ಕದಲ್ಲಿ ಕೂತು ನಾನೇ ತೆಲುಗಿನಲ್ಲಿ ಮಾತಾಡಿಸಿದೆ. "ಅಕ್ಕಾ, ಎಂಡ ತಗ್ಗಿಂದಿ, ಬಯಟ ಕೂರ್ಚುಂಟಾವಾ?" ಬಿಸಿಲು ಇಳಿದಿದೆ, ಹೊರಗೆ ಕೂರ್ತೀಯಾ, ಅಂತ. ಅವಳು ನನ್ನ ಕಡೆ ತಿರುಗಿದಳು. ತೂರಾಡುವ ಆ ತಮಾಷೆ ನೆನಪಿಗೆ ಬಂತೋ ಏನೋ...

"ಬ್ಯಾಡಮ್ಮಾ" ಅಂದಳು. "ಬಿಸ್ಲು ಬ್ಯಾಡ."

ಅದೇ ಕೊನೆ. ಎರಡು ದಿನಕ್ಕೆ ಹೋದಳು.

ತಾರಸಿಯಲ್ಲಿ ಕತ್ತಲಾಗುತ್ತಿತ್ತು. ಮೊಮ್ಮಗಳು ಬಿಡಲಿಲ್ಲ, "ಇನ್ನೊಂದು ಹೇಳಜ್ಜಿ" ಅಂದಳು.

"ಎಂಡ ಅಂತಾನೂ ಅಂತಾರೆ."

ಅವಳು ಕಿಸಕ್ಕನೆ ನಕ್ಕಳು. "ಕುಡಿಯೋದಾ?"

"ಅಲ್ಲ, ಬಿಸ್ಲು" ಅಂದೆ.

ಹೌದಾ, ಅಂದು ಅವಳು ಇನ್ನೊಂದು ಸಂಡಿಗೆ ಬಾಯಿಗೆ ಹಾಕಿಕೊಂಡಳು. ಅಷ್ಟೇ ಆಗಿದ್ದು. ಹೇಳುವುದಕ್ಕೆ ಹೆಚ್ಚು ಹೊತ್ತೇನೂ ಹಿಡಿಯಲಿಲ್ಲ.