ಉಗುರು ಬಣ್ಣದ ಗೆರೆ ಎಳೆದ ಬೋಲ್ಟು

ಕೃಷ್ಣಗಿರಿ ಹೊಸದಾಗಿ ಜಿಲ್ಲೆಯಾಗಿದ್ದ ದಿನಗಳಲ್ಲಿ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಗೇರುಗಳನ್ನು ಅಳೆದು ಪಾಸು ಫೇಲು ಮಾಡುವ ಕೆಲಸದಲ್ಲಿದ್ದೆ. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಕೆಂಪು ಡಬ್ಬಕ್ಕೆ ಎಸೆಯುತ್ತಿದ್ದೆ. ದಿನವೆಲ್ಲ ಬೇರೆಯವರ ತಪ್ಪು ಹುಡುಕಿ ಸಂಬಳ ತೆಗೆದುಕೊಳ್ಳುವವನಿಗೆ ಮನೆಗೆ ಬಂದ ಮೇಲೂ ಆ ಚಾಳಿ ಬಿಡುವುದಿಲ್ಲ. ಇದನ್ನು ನನ್ನ ಹೆಂಡತಿ ಮದುವೆಯಾದ ತಿಂಗಳಲ್ಲೇ ಕಂಡುಕೊಂಡಿದ್ದಳು.

ನಾನು ಬೈಕನ್ನು ಸರ್ವಿಸ್‌ಗೆ ಬಿಡುತ್ತಿದ್ದ ಶೋರೂಮಿನಲ್ಲಿ ಏನಿತ್ತು, ಏನಿರಲಿಲ್ಲ! ತಣ್ಣನೆಯ ಕೋಣೆ, ಬಣ್ಣದ ಮೀನಿನ ತೊಟ್ಟಿ, ಕಾಫಿ ಎಂಬ ಹೆಸರಿನ ಬಿಸಿನೀರು, ಟೈ ಕಟ್ಟಿದ ಒಬ್ಬ ಸೂಪರ್‌ವೈಸರ್. ಬೈಕು ಬಿಚ್ಚುವ ಜಾಗಕ್ಕೆ ಮಾತ್ರ ಅದರ ಯಜಮಾನ ಕಾಲಿಡುವಂತಿರಲಿಲ್ಲ. ಸಂಜೆ ಗಾಡಿ ಮದುವೆಗಂಡಿನಂತೆ ಮಿರಿಮಿರಿ ಮಿಂಚುತ್ತ ಹೊರಬರುತ್ತಿತ್ತು. “ಆಯಿಲ್ ಮಾತ್ತಿಯಾಚ್ಚು ಸಾರ್”, ಆಯಿಲ್ ಬದಲಾಯಿಸಿ ಆಯಿತು ಎಂದು ತಮಿಳಿನಲ್ಲಿ ಹೇಳಿ ಸೂಪರ್‌ವೈಸರ್ ಕೀಲಿಕೈ ಕೊಡುತ್ತಿದ್ದ. ಹೊಸ ಆಯಿಲ್ ಹಾಕಿದ ಗಾಡಿಯ ಗೇರು ಮೆತ್ತಗೆ ಬೀಳಬೇಕು. ನನ್ನದು ಬೆಳಿಗ್ಗೆ ಹೇಗೆ ಕಟಕಟ ಅನ್ನುತ್ತಿತ್ತೋ ಸಂಜೆಯೂ ಹಾಗೇ ಅನ್ನುತ್ತಿತ್ತು.

ಮುಂದಿನ ಸರ್ವಿಸ್‌ಗೆ ಬಿಡುವ ಮುನ್ನ ಹೆಂಡತಿಯ ಉಗುರು ಬಣ್ಣದ ಸೀಸೆ ತೆಗೆದುಕೊಂಡು ಬೈಕಿನ ಕೆಳಗೆ ಮಲಗಿದೆ. ಇಂಜಿನ್ನಿನ ತಳದಲ್ಲಿ ಹಳೆಯ ಆಯಿಲ್ ಇಳಿಸಲು ಒಂದು ಬೋಲ್ಟ್ ಇರುತ್ತದೆ. ಆ ಬೋಲ್ಟಿನ ತಲೆಯಿಂದ ಇಂಜಿನ್ನಿನ ಮೈಗೆ ಅಡ್ಡಲಾಗಿ ಒಂದು ಕೆಂಪು ಗೆರೆ ಎಳೆದೆ. ಬೋಲ್ಟ್ ತಿರುಗಿಸಿದರೆ ಗೆರೆ ತುಂಡಾಗಲೇಬೇಕು. ಸಂಜೆ ಹೋಗಿ ಬಗ್ಗಿ ನೋಡಿದರೆ ಗೆರೆ ಹಚ್ಚಿದ ಹಾಗೇ ಇತ್ತು. ಬಿಲ್ಲಿನಲ್ಲಿ ಆಯಿಲ್ ಇತ್ತು, ವಾಷರ್ ಇತ್ತು, ಹಾಕಿದ ಕೂಲಿಯೂ ಇತ್ತು.

“ಚೇಂಜ್ ಆಗಿದೆ ಸಾರ್, ಸಿಸ್ಟಮ್‌ನಲ್ಲೇ ಇದೆ” ಎಂದು ಸೂಪರ್‌ವೈಸರ್ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆ ತಿರುಗಿಸಿದ.

“ಆಯಿಲ್ ಇರೋದು ಇಂಜಿನ್ನಲ್ಲಿ, ಸಿಸ್ಟಮ್‌ನಲ್ಲಲ್ಲ. ಬಗ್ಗಿ ನೋಡು.”

ಅವನು ಟೈ ನೆಲಕ್ಕೆ ತಾಗದಂತೆ ಹೆಗಲ ಮೇಲೆ ಎಸೆದುಕೊಂಡು ಬಗ್ಗಿದ. ಗೆರೆ ನೋಡಿ ಎದ್ದ. “ಅದು ಕಂಪನಿ ಮಾರ್ಕ್ ಸಾರ್. ಫ್ಯಾಕ್ಟರಿಯಿಂದಲೇ ಹಂಗೆ ಬರುತ್ತೆ” ಎಂದ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನ್ನ ಹೆಂಡತಿ ಬಳೆ ಅಂಗಡಿಯಲ್ಲಿ ಕೊಂಡಿದ್ದ ಬಣ್ಣ ಅವನ ಬಾಯಲ್ಲಿ ಕಂಪನಿ ಮಾರ್ಕ್ ಆಗಿತ್ತು! ಇನ್ನು ಮೇಲೆ ನನ್ನ ಗಾಡಿಯ ಆಯಿಲ್ ನಾನೇ ಬದಲಾಯಿಸುತ್ತೇನೆ ಎಂದು ಅಲ್ಲಿದ್ದವರೆಲ್ಲರಿಗೂ ಕೇಳುವಂತೆ ಹೇಳಿ ಬಂದೆ.

ಆ ಭಾನುವಾರ ತಳಿ ಎಂಬ ಊರಿನ ಕಡೆಯ ಹಳ್ಳಿಯಿಂದ ಮಾವ ಬಂದಿದ್ದರು. ಹೆಂಡತಿಯ ಅಪ್ಪ. ರಾಗಿ, ಹೂಕೋಸು ಬೆಳೆಯುವವರು. ತೋಟದ ಡೀಸೆಲ್ ಪಂಪ್‌ಸೆಟ್ಟನ್ನು ತಾವೇ ಬಿಚ್ಚಿ ಕಟ್ಟುವವರು. ನಾನು ಅಂಗಳದಲ್ಲಿ ಸ್ಪಾನರುಗಳನ್ನು ಸಾಲಾಗಿ ಜೋಡಿಸುವುದನ್ನು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದರು.

“ಅಳೀಮಯ್ಯ, ಇಂಜಿನ್ ಒಸಿ ಬಿಸಿ ಮಾಡ್ಕಳಿ. ತಣ್ಣಗಿದ್ರೆ ಗಸಿ ಎಲ್ಲಾ ತಳದಾಗೇ ಕುಂತ್ಕತದೆ.”

“ಪಂಪ್‌ಸೆಟ್ ಬೇರೆ, ಬೈಕ್ ಬೇರೆ ಮಾವ” ಎಂದೆ. ಟೈ ಕಟ್ಟಿದವನ ದನಿ ನನ್ನ ಗಂಟಲಲ್ಲೂ ಇತ್ತು ಎಂಬುದು ಆಗ ನನಗೆ ಕೇಳಿಸಲಿಲ್ಲ.

ತಣ್ಣಗಿನ ಇಂಜಿನ್ನಿನಿಂದ ಆಯಿಲ್ ಕಾಕಂಬಿಯಂತೆ ಎಳೆ ಎಳೆಯಾಗಿ ಇಳಿಯಿತು. ಬೋಲ್ಟ್ ಮತ್ತೆ ಹಾಕುವಾಗ ಸ್ಪಾನರಿನ ಹಿಡಿಗೆ ಒಂದು ಕಬ್ಬಿಣದ ಪೈಪು ಸಿಕ್ಕಿಸಿ ಎರಡೂ ಕೈಯಲ್ಲಿ ಎಳೆದೆ. ಎಷ್ಟು ಬಿಗಿಯಬೇಕೆಂದು ಅಳೆಯದೆ ಬೋಲ್ಟ್ ಮುಟ್ಟಿದವರನ್ನು ಕಾರ್ಖಾನೆಯಲ್ಲಿ ಸಾಲಾಗಿ ನಿಲ್ಲಿಸಿ ಬೈದವನು ನಾನೇ.

“ಸಾಕು ಬುಡಿ, ಅದು ಅಲ್ಯೂಮಿನಿ” ಎಂದರು ಮಾವ.

ನಾನು ಇನ್ನೊಂದು ಸಲ ಎಳೆದೆ. ಕೈಗೆ ಏನೋ ಸಡಿಲವಾದಂತೆ, ಬೋಲ್ಟ್ ಸುಮ್ಮನೆ ಜಾರಿದಂತೆ ಆಯಿತು. ಈಗ ಸರಿಯಾಗಿ ಕೂತಿತು ಎಂದು ನನಗೆ ನಾನೇ ಹೇಳಿಕೊಂಡೆ. ತಪ್ಪು ಹುಡುಕುವುದರಲ್ಲಿ ನಿಪುಣನಾದವನಿಗೆ ತನ್ನ ಕೈಯ ತಪ್ಪು ಸಿಕ್ಕುವುದು ಕೊನೆಗೆ.

ಹಳೆಯ ಆಯಿಲನ್ನು ಮಾವ ಒಂದು ಪ್ಲಾಸ್ಟಿಕ್ ಬಾಟಲಿಗೆ ತುಂಬಿಸಿಕೊಂಡರು. ಬೇಲಿಯ ಗೂಟಗಳಿಗೆ ಬಳಿದರೆ ಗೆದ್ದಲು ಹತ್ತುವುದಿಲ್ಲವಂತೆ. ಊಟ ಮುಗಿಸಿ ಅವರನ್ನು ಬೈಕಿನಲ್ಲೇ ಕೆಲಮಂಗಲಕ್ಕೆ ಬಿಡಲು ಹೊರಟೆ. ಅಲ್ಲಿ ಅವರು ಬಿತ್ತನೆ ಬೀಜ ಕೊಂಡು ಊರಿನ ಬಸ್ಸು ಹತ್ತಬೇಕಿತ್ತು.

ಕೆಲಮಂಗಲ ಇನ್ನೇನು ಹತ್ತಿರ ಎನ್ನುವಾಗ ಹಿಂದಿನಿಂದ ಅವರು ನನ್ನ ಬೆನ್ನು ತಟ್ಟಿದರು. “ನಿಲ್ಸಿ ಅಳೀಮಯ್ಯ, ನನ್ ಬಾಟ್ಲಿ ಸೋರ್ತದೆ ಅಂತ ಕಾಣ್ತದೆ. ನಿಮ್ ಗಾಡಿ ಎಲ್ಲಾ ಗಲೀಜಾಗೋಯ್ತು.” ಅವರ ಬಿಳಿ ಪಂಚೆಯ ಅಂಚು ಎಣ್ಣೆಯಲ್ಲಿ ನೆನೆದಿತ್ತು. ಚೀಲದಿಂದ ಬಾಟಲಿ ತೆಗೆದು ನೋಡಿದರು. ಮುಚ್ಚಳ ಬಿಗಿಯಾಗಿತ್ತು, ಹೊರಗೆ ಒಂದು ಹನಿಯೂ ಇರಲಿಲ್ಲ. ಇಬ್ಬರೂ ಒಟ್ಟಿಗೆ ಇಂಜಿನ್ನಿನ ಕೆಳಗೆ ನೋಡಿದೆವು. ಹೊಸ ಆಯಿಲ್ ಹೊಂಬಣ್ಣದಲ್ಲಿ ತೊಟ್ಟಿಕ್ಕುತ್ತಿತ್ತು.

ಬಿಸಿಲಿನಲ್ಲಿ ಗಾಡಿ ತಳ್ಳಿಕೊಂಡು ಕೆಲಮಂಗಲದ ಹೊರಗಿನ ಒಂದು ತಗಡಿನ ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಬೋಲ್ಟನ್ನು ಬರಿಗೈಯಲ್ಲಿ ತಿರುಗಿಸಿ ತೆಗೆದ. ಅದರ ತಿರುಪಿನ ಸುತ್ತುಗಳಿಗೆ ಅಲ್ಯೂಮಿನಿಯಂ ಚೂರುಗಳು ಸುರುಳಿಯಾಗಿ ಅಂಟಿಕೊಂಡಿದ್ದವು.

“ತ್ರೆಡ್ಡೇ ಹೋಗ್ಬುಟ್ಟದೆ. ಯಾವನ್ ಸಾರ್ ಹಿಂಗೆ ಟೈಟ್ ಮಾಡ್ದೋನು?”

“ಶೋರೂಮಿನವರು” ಎಂದೆ. ಯೋಚನೆಯೇ ಮಾಡಲಿಲ್ಲ. ಬಾಯಿ ತಾನಾಗಿ ಆಡಿತು.

ಮೆಕ್ಯಾನಿಕ್‌ಗೆ ಅದೇ ಬೇಕಾಗಿತ್ತು. ಶೋರೂಮುಗಳ ಮೇಲಿದ್ದ ಸಿಟ್ಟನ್ನೆಲ್ಲ ಮೂರು ಭಾಷೆಗಳಲ್ಲಿ ಕಾರಿಕೊಂಡ. ಕನ್ನಡದಲ್ಲಿ ಶುರುಮಾಡಿ, ತೆಲುಗಿನಲ್ಲಿ ಏರಿ, ತಮಿಳಿನಲ್ಲಿ ಅವರ ವಂಶದವರೆಗೂ ಹೋದ. ನಾನು ತಲೆಯಾಡಿಸುತ್ತ ಕೂತಿದ್ದೆ. ಮಾವ ಬಾಟಲಿಯನ್ನು ಕಾಲ ನಡುವೆ ಇಟ್ಟುಕೊಂಡು ರಸ್ತೆ ನೋಡುತ್ತಿದ್ದರು. ಮೆಕ್ಯಾನಿಕ್ ರಂಧ್ರಕ್ಕೆ ಹೊಸದಾಗಿ ತ್ರೆಡ್ ಹೊಡೆದು, ಒಂದು ಸೈಜು ದೊಡ್ಡ ಬೋಲ್ಟ್ ಹಾಕಿ, ಕೈಯಳತೆಯಲ್ಲೇ ಬಿಗಿದು, ಹೊಸ ಆಯಿಲ್ ತುಂಬಿಸಿ ಎದ್ದ. ಪೈಪೂ ಇಲ್ಲ, ಪ್ರತಾಪವೂ ಇಲ್ಲ.

ಬಸ್ ನಿಲ್ದಾಣದಲ್ಲಿ ಮಾವ ಬಾಯಿಬಿಟ್ಟರು. “ಅಲ್ಲ ಅಳೀಮಯ್ಯ, ಆ ಶೋರೂಮಿನೋನು ಬೋಲ್ಟು ಮುಟ್ನಿಲ್ಲ ಅಂತ ತಾನೆ ನಿಮ್ ಜಗಳ? ಈಗ ಅವ್ನೇ ಮುಟ್ಟಿ ಕೆಡಿಸ್ದ ಅಂದ್ರೆ ಹೆಂಗೆ?”

ಗದರಿಸಿ ಕೇಳಲಿಲ್ಲ. ನಿಜಕ್ಕೂ ಅರ್ಥವಾಗದವರಂತೆ ಕೇಳಿದರು. ಬಸ್ಸು ಬಂತು, ಎಣ್ಣೆ ಮೆತ್ತಿದ ಪಂಚೆ ಎತ್ತಿಕಟ್ಟಿ ಹತ್ತಿ ಹೋದರು. ಮಗಳಿಗೆ ಈ ಸುದ್ದಿ ಹೇಳಲಿಲ್ಲ; ಹೇಳಿದ್ದರೆ ಅವಳು ನನ್ನನ್ನು ಇಷ್ಟು ವರ್ಷ ಸುಮ್ಮನೆ ಬಿಡುತ್ತಿರಲಿಲ್ಲ.

ಶೋರೂಮಿಗೆ ನಾನು ಮತ್ತೆ ಹೋಗಲಿಲ್ಲ. ಅವರ ಮೇಲಿನ ತಾತ್ಸಾರವೂ ಕಡಿಮೆಯಾಗಲಿಲ್ಲ, ಆದರೆ ಅದನ್ನು ಸಭೆಯಲ್ಲಿ ಸಾರುವುದು ಬಿಟ್ಟೆ. ಆಯಿಲ್ ಬದಲಾಯಿಸುವ ಮೊದಲು ಇಂಜಿನ್ ಬಿಸಿ ಮಾಡತೊಡಗಿದೆ.

ಕೆಲವು ತಿಂಗಳ ನಂತರ ಮುಂದಿನ ಡಿಸ್ಕ್ ಬ್ರೇಕಿನ ಆಯಿಲ್ ಬದಲಾಯಿಸಬೇಕಾಯಿತು. ಅದಕ್ಕೆ ಇಬ್ಬರು ಬೇಕು: ಒಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ನಿಪ್ಪಲ್ ಎಂಬ ಪುಟ್ಟ ತಿರುಪು ಸಡಿಲಿಸಿ ಒಳಗಿನ ಗಾಳಿ ಹೊರಬಿಡಬೇಕು. ಮನೆಗೆ ಬಂದಿದ್ದ ಮಾವನನ್ನು ಕೇಳಿದೆ. “ಯಾವಾಗ ಒತ್ತಲಿ, ಯಾವಾಗ ಬುಡಲಿ, ಹೇಳಿ” ಎಂದು ನಿಂತರು. ಕೆಲಸ ಮುಗಿಯುವಷ್ಟರಲ್ಲಿ ನನ್ನ ಮೊಣಕೈ ತಾಗಿ ಡಬ್ಬಿ ಉರುಳಿ ಆಯಿಲ್ ಪೆಟ್ರೋಲ್ ಟ್ಯಾಂಕಿನ ಮೇಲೆ ಚೆಲ್ಲಿತು. ಅದು ಬಣ್ಣವನ್ನು ತಿನ್ನುವ ಆಯಿಲ್. ನಾನು ಒರೆಸುವ ಬಟ್ಟೆ ಹುಡುಕುವಷ್ಟರಲ್ಲಿ ಮಾವ ಪಕ್ಕದ ಬಕೆಟ್ಟಿನ ನೀರನ್ನೆಲ್ಲ ಟ್ಯಾಂಕಿನ ಮೇಲೆ ಸುರಿದುಬಿಟ್ಟಿದ್ದರು.

“ಬೆಳೆಗೆ ಹೊಡಿಯೋ ಔಸ್ದಿ ಮೈಮ್ಯಾಕೆ ಚೆಲ್ಲಿದ್ರೆ ನಾವು ನೀರೇ ಹುಯ್ಯೋದು” ಎಂದರು.

ಬೈಕ್ ಬೇರೆ ಎನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಹೆಬ್ಬೆರಳಗಲದ ಬಣ್ಣ ಹೋಯಿತು, ಉಳಿದದ್ದು ಉಳಿಯಿತು. ಮಾವ ಖಾಲಿ ಬಕೆಟ್ ತುಂಬಿಸಿಕೊಂಡು ಬರಲು ನಲ್ಲಿಯ ಕಡೆ ಹೋದರು.